ಬರದ ನಾಡಿನಲ್ಲಿ ಮುಳುಗು ಗಡಿಯಾರ

ಭೋಗದ ಪರವಾಗಿ ಹಿಂದಿನವರು ಹೂಡುತ್ತಿದ್ದ ವಾದ ನೇರವಾಗಿತ್ತು. ಉಳ್ಳವನು ಕೊಳ್ಳುತ್ತಾನೆ, ಇಲ್ಲದವನು ನೋಡುತ್ತಾನೆ ಎಂದು ಹೇಳಿ ಅವರು ಮಾತು ಮುಗಿಸುತ್ತಿದ್ದರು. ಈಗಿನ ವಾದಕ್ಕೆ ಅಷ್ಟು ಒರಟುತನವಿಲ್ಲ. ಹಲವು ಲಕ್ಷ ರೂಪಾಯಿ ಬೆಲೆಯ ವಸ್ತುವನ್ನು ಕೊಳ್ಳಹೊರಟವನು ತನ್ನನ್ನು ದುಂದುಗಾರನೆಂದು ಒಪ್ಪಿಕೊಳ್ಳುವುದಿಲ್ಲ. ತಾನೊಬ್ಬ ಪರೀಕ್ಷಕನೆಂದು ಹೇಳಿಕೊಳ್ಳುತ್ತಾನೆ. ಒಂದೇ ಬಗೆಯ ಎರಡು ಮೂರು ವಸ್ತುಗಳನ್ನು ಎದುರಿಗಿಟ್ಟುಕೊಂಡು, ತಿಂಗಳುಗಟ್ಟಲೆ ತೂಗಿ ನೋಡಿ, ಕೂದಲೆಳೆಯ ಅಂತರವನ್ನು ಗುರುತಿಸಿ, ಕೊನೆಗೆ ಒಂದನ್ನು ಆರಿಸುತ್ತಾನೆ. ಇಷ್ಟು ಶ್ರಮಪಟ್ಟು ಆರಿಸಿದ ಮೇಲೆ ಅದು ವಿವೇಕವಲ್ಲದೆ ಇನ್ನೇನು ಎಂದು ಕೇಳುತ್ತಾನೆ. ಸಮಾಜದ ಸುಶಿಕ್ಷಿತ ತರುಣರೂ ಈ ಪ್ರಶ್ನೆಯನ್ನು ಕೇಳತೊಡಗಿರುವುದರಿಂದ ಇದಕ್ಕೆ ಉತ್ತರ ಹೇಳಬೇಕಾಗಿದೆ.

ಚಳ್ಳಕೆರೆಯ ಎಣ್ಣೆ ವ್ಯಾಪಾರದ ಒಂದು ಮನೆತನವನ್ನು ಕಲ್ಪಿಸಿಕೊಳ್ಳಬಹುದು. ಶೇಂಗಾ ಗಿರಣಿಗಳಿಂದ ತೈಲನಗರವೆಂದು ಹೆಸರಾದ ಆ ಊರಿನಲ್ಲಿ ತಾತ ಗಿರಣಿ ಹಾಕಿದ. ಆಮದಾದ ತಾಳೆ ಎಣ್ಣೆಯ ಹೊಡೆತವನ್ನು ತಂದೆ ಹೇಗೋ ತಾಳಿಕೊಂಡ. ಈಗ ಮಗಳ ಮದುವೆ ನಿಶ್ಚಯವಾಗಿದೆ. ಗಂಡಿನ ಕಡೆಯವರು ಸಜ್ಜನರು, ಏನನ್ನೂ ಕೇಳಿಲ್ಲ. ಹುಡುಗನಿಗೆ ಒಳ್ಳೆಯದೊಂದು ಕೈಗಡಿಯಾರ ಸಾಕು ಎಂಬ ಮಾತು ಮಾತ್ರ ಯಾರದೋ ಬಾಯಿಂದ, ನಗುತ್ತಲೇ, ಹೊರಟಿದೆ. ಹುಡುಗನಿಗೆ ಇಷ್ಟವಾದದ್ದು ಸಮುದ್ರದಲ್ಲಿ ಮುಳುಗುವವರಿಗೆಂದು ಮಾಡಿದ ಗಡಿಯಾರ, ಅಂದರೆ ಡೈವ್ ವಾಚ್. ರೋಲೆಕ್ಸ್ ಸಬ್‌ಮರೀನರ್, ಒಮೇಗಾ ಸೀಮಾಸ್ಟರ್, ಟ್ಯೂಡರ್ ಬ್ಲ್ಯಾಕ್ ಬೇ ಎಂಬ ಮೂರು ಹೆಸರುಗಳು ಮನೆಯಲ್ಲಿ ಓಡಾಡುತ್ತಿವೆ. ಗಿರಣಿಯ ಲೆಕ್ಕದ ಪುಸ್ತಕ ಬಿಟ್ಟು ಬೇರೆ ಪುಸ್ತಕ ತೆರೆಯದ ತಂದೆ, ಉಕ್ಕಿನ ಬಗೆ, ಗಾಜಿನ ಬಗೆ, ಬಳೆಯ ಹಲ್ಲು ಎಂದು ಮೂರು ತಿಂಗಳಿಂದ ಅಭ್ಯಾಸ ಮಾಡುತ್ತಿದ್ದಾನೆ.

ಮೂರೂ ಸ್ವಿಸ್ ಗಡಿಯಾರಗಳು. ಮೂರಕ್ಕೂ ಉಕ್ಕಿನ ಕವಚ, ಕಪ್ಪು ಮುಖ, ಕತ್ತಲೆಯಲ್ಲಿ ಹೊಳೆಯುವ ಗುರುತು, ಸುತ್ತಲೂ ಬೆಜೆಲ್ ಎಂಬ ತಿರುಗುವ ಬಳೆ. ಸಬ್‌ಮರೀನರ್‌ನ ಅಗಲ 41 ಮಿಲಿಮೀಟರ್, ಒಮೇಗಾದ ಅಗಲ 42 ಮಿಲಿಮೀಟರ್. ಇವೆರಡೂ 300 ಮೀಟರ್ ಆಳದ ಒತ್ತಡವನ್ನು ತಡೆಯುವಂಥವು; ಟ್ಯೂಡರ್ 200 ಮೀಟರ್‌ನದು. ಟ್ಯೂಡರ್ ಮತ್ತು ರೋಲೆಕ್ಸ್ ಎರಡನ್ನೂ ಹುಟ್ಟುಹಾಕಿದವನು ಹ್ಯಾನ್ಸ್ ವಿಲ್ಸ್‌ಡಾರ್ಫ್ ಎಂಬ ಒಬ್ಬನೇ ವ್ಯಕ್ತಿ. ಹತ್ತು ಹೆಜ್ಜೆ ದೂರದಲ್ಲಿ ನಿಂತವನಿಗೆ ಇವುಗಳಲ್ಲಿ ಯಾವುದು ಯಾವುದೆಂದು ತಿಳಿಯದು. ತಿಳಿಯುವ ಹತ್ತು ಮಂದಿಗೋಸ್ಕರವೇ ಈ ಮೂರು ತಿಂಗಳ ಅಭ್ಯಾಸ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಈ ವಸ್ತುವಿನ ಹುಟ್ಟನ್ನು ಹೀಯಾಳಿಸಬೇಕಾದ ಕಾರಣವಿಲ್ಲ. ನೀರೊಳಗೆ ಇಳಿಯುವವನ ಬೆನ್ನ ಮೇಲಿನ ಗಾಳಿ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬುದು ಅವನ ಪ್ರಾಣದ ಪ್ರಶ್ನೆ. ಬ್ಲಾಂಪ್ಯಾನ್ ಕಂಪೆನಿಯ ಮುಖ್ಯಸ್ಥನಾಗಿದ್ದ ಜಾನ್-ಜಾಕ್ ಫಿಷ್ಟರ್ ತಾನೇ ಮುಳುಗುಗಾರ. ಕಾಲದ ಲೆಕ್ಕ ತಪ್ಪಿ ನೀರಿನಲ್ಲಿ ಗಾಳಿ ಮುಗಿದು ಸಂಕಟಪಟ್ಟವನು. ಫ್ರಾನ್ಸ್‌ನ ನೌಕಾಪಡೆಯಲ್ಲಿ ಮುಳುಗು ಯೋಧರ ದಳ ಕಟ್ಟುತ್ತಿದ್ದ ಅಧಿಕಾರಿಗಳಿಗೂ ಅಂಥದೇ ಗಡಿಯಾರ ಬೇಕಾಗಿತ್ತು. 1953ರಲ್ಲಿ ಬಂದ ಆ ಗಡಿಯಾರಕ್ಕೆ ‘ಫಿಫ್ಟಿ ಫ್ಯಾದಮ್ಸ್’ ಎಂದು ಹೆಸರು. ಫ್ಯಾದಮ್ ಎಂದರೆ ಆರು ಅಡಿ, ಎರಡೂ ತೋಳು ಚಾಚಿದಷ್ಟು ಉದ್ದ. ಕನ್ನಡಿಗರಿಗೆ ಇದು ಹೊಸ ಅಳತೆಯಲ್ಲ. ಸಂತೆಯಲ್ಲಿ ಹೂವು ಅಳೆಯುವ ‘ಮಾರು’ ಇದೇ. ಐವತ್ತು ಮಾರು ಆಳ ಎಂಬುದು ಆ ಗಡಿಯಾರದ ಹೆಸರಿನ ಅರ್ಥ. ಅದೇ 1953ರಲ್ಲಿ ಸಬ್‌ಮರೀನರ್ ಹುಟ್ಟಿತು, 1957ರಲ್ಲಿ ಸೀಮಾಸ್ಟರ್ 300 ಬಂದಿತು. ಬಳೆಯನ್ನು ಒಂದೇ ದಿಕ್ಕಿಗೆ ತಿರುಗುವಂತೆ ಮಾಡಿದ್ದರಲ್ಲಿಯೂ ಅರ್ಥವಿದೆ: ಅಕಸ್ಮಾತ್ ತಗುಲಿ ಸರಿದರೂ ನೀರಿನಲ್ಲಿ ಕಳೆದ ಸಮಯವನ್ನು ಅದು ಹೆಚ್ಚಾಗಿಯೇ ತೋರಿಸುತ್ತದೆ, ಮುಳುಗಿದವನು ಬೇಗನೆ ಮೇಲೆ ಬರುತ್ತಾನೆ. ಜೀವರಕ್ಷಣೆಗಾಗಿ ಮಾಡಿದ ಇಂಥ ಉಪಕರಣವನ್ನು ಅಹಿಂಸಾವಾದಿಯೊಬ್ಬನು ಗೌರವಿಸಬೇಕು.

ಆದರೆ ಆ ಪ್ರಯೋಜನ ಈ ವಸ್ತುವನ್ನು ಬಿಟ್ಟುಹೋಗಿ ದಶಕಗಳೇ ಕಳೆದಿವೆ. ಆಳ, ಒತ್ತಡ, ಮೇಲೇರಬೇಕಾದ ವೇಗ ಎಲ್ಲವನ್ನೂ ಲೆಕ್ಕಹಾಕಿ ತೋರಿಸುವ ಡೈವ್ ಕಂಪ್ಯೂಟರು 1980ರ ದಶಕದಲ್ಲಿಯೇ ಬಂದಿತು. ಇಂದು ಮುಳುಗುಗಾರರು ನಂಬುವುದು ಅದನ್ನು. ವಿನೋದಕ್ಕಾಗಿ ಸಮುದ್ರಕ್ಕಿಳಿಯುವವರಿಗೆ ತರಬೇತಿ ಸಂಸ್ಥೆಗಳು ಹಾಕಿರುವ ಮಿತಿ 40 ಮೀಟರ್, ಅಂದರೆ 130 ಅಡಿ. ಬೆನ್ನಿಗೆ ಗಾಳಿಯ ಉರುಳೆ ಕಟ್ಟಿಕೊಂಡು 300 ಮೀಟರ್ ದಾಟಿ ಇಳಿದವರು ಜಗತ್ತಿನಲ್ಲಿ ಬೆರಳೆಣಿಕೆಯವರು. ಈಜಿಪ್ಟಿನ ಅಹ್ಮದ್ ಗಬ್ರ್ 2014ರಲ್ಲಿ 332 ಮೀಟರ್ ಇಳಿದದ್ದು ದಾಖಲೆಯಾಯಿತು. ಅಂಥ ಆಳಕ್ಕೆ ತಕ್ಕ ಗಡಿಯಾರವನ್ನು ಚಳ್ಳಕೆರೆಯ ವರನು ಕೈಗೆ ಕಟ್ಟಿ ಆರತಕ್ಷತೆಗೆ ನಿಲ್ಲಲಿದ್ದಾನೆ.

ಚಳ್ಳಕೆರೆ, ಮೊಳಕಾಲ್ಮೂರು ಎಂದರೆ ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಕಾಣುವ ಸೀಮೆ. ಜಿಲ್ಲೆಯ ದೊಡ್ಡ ಜಲಾಶಯ ಹಿರಿಯೂರು ತಾಲೂಕಿನ ವಾಣಿ ವಿಲಾಸ ಸಾಗರ; ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ್ದು. ಅದರ ಪೂರ್ಣ ಮಟ್ಟ 130 ಅಡಿ. 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಮತ್ತೆ ತುಂಬಿ ಹರಿದದ್ದು 2022ರಲ್ಲಿ. ನಡುವೆ 89 ವರ್ಷ. ಹೀಗಿರುವಾಗ ಆ ಸೀಮೆಯಲ್ಲಿ ಸಾವಿರ ಅಡಿಯ ಆಳ ಎಂಬ ಮಾತಿಗೆ ಒಂದೇ ಅರ್ಥ, ಅದು ಕೊಳವೆಬಾವಿ. ನೀರು ಸಿಕ್ಕೀತೆಂದು ಅಷ್ಟು ಆಳದ ಸಮೀಪಕ್ಕೂ ಕೊರೆಸಿ, ಧೂಳೆದ್ದದ್ದನ್ನು ನೋಡಿ ಮನೆಗೆ ಹಿಂದಿರುಗಿದ ರೈತರು ಅಲ್ಲಿದ್ದಾರೆ. ಕೊರೆಯುವ ಯಂತ್ರದವನಿಗೆ ಅಡಿಯ ಲೆಕ್ಕದಲ್ಲಿ ಹಣ ತೆತ್ತವನಿಗೆ 300 ಮೀಟರ್ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಅವನ ಶೇಂಗಾ ಗಿರಣಿಗೆ ಬರುತ್ತದೆ, ಗಿರಣಿಯ ಲಾಭ ಗಡಿಯಾರಕ್ಕೆ ಹೋಗುತ್ತದೆ. ಒಬ್ಬನ ಹಣವನ್ನು ಇನ್ನೊಬ್ಬನು ಕಸಿದನೆಂದು ಇದರ ಅರ್ಥವಲ್ಲ. ವ್ಯಾಪಾರ ಧರ್ಮವಾಗಿಯೇ ನಡೆದಿರಬಹುದು. ಆದರೂ ಒಂದೇ ಊರಿನಲ್ಲಿ ಒಂದೇ ಅಳತೆಗೆ ಎರಡು ಅರ್ಥ ಹುಟ್ಟಿರುವುದನ್ನು ಕಾಣದವನ ಪರೀಕ್ಷಕ ಬುದ್ಧಿಯ ಬಗ್ಗೆ ಸಂಶಯಪಡಲು ಅವಕಾಶವುಂಟು.

ಇನ್ನು ಗಡಿಯಾರದ ಮೂಲ ಧರ್ಮ ಕಾಲವನ್ನು ಸರಿಯಾಗಿ ಹೇಳುವುದು. ಸ್ವಿಟ್ಜರ್ಲೆಂಡಿನ ಪರೀಕ್ಷಾ ಸಂಸ್ಥೆ ಯಾಂತ್ರಿಕ ಗಡಿಯಾರಕ್ಕೆ ಕ್ರೊನೊಮೀಟರ್ ಎಂಬ ಪ್ರಮಾಣಪತ್ರ ಕೊಡಬೇಕಾದರೆ ಅದು ದಿನಕ್ಕೆ ಸರಾಸರಿ 4 ಸೆಕೆಂಡು ಹಿಂದೆ ಅಥವಾ 6 ಸೆಕೆಂಡು ಮುಂದೆ ಹೋಗುವುದರೊಳಗೆ ಇರಬೇಕು. 1969ರಲ್ಲಿ ಜಪಾನಿನ ಸೀಕೊ ಮಾರಾಟಕ್ಕಿಟ್ಟ ಕ್ವಾರ್ಟ್ಜ್ ಗಡಿಯಾರ ಬಂದಂದಿನಿಂದ ಈ ಮಟ್ಟದ ನಿಖರತೆ ಯಾವ ದೊಡ್ಡ ಮಾತೂ ಅಲ್ಲ. ಬಸ್ ನಿಲ್ದಾಣದ ಬಳಿ ಕೆಲವು ನೂರು ರೂಪಾಯಿಗೆ ಸಿಗುವ ಬ್ಯಾಟರಿ ಗಡಿಯಾರ ತಿಂಗಳಿಗೆ ತಪ್ಪುವಷ್ಟು ಸೆಕೆಂಡುಗಳನ್ನು ಲಕ್ಷಗಟ್ಟಲೆಯ ಗಡಿಯಾರ ಕೆಲವೇ ದಿನಗಳಲ್ಲಿ ತಪ್ಪಬಹುದು. ಹಾಗಾದರೆ ಎರಡು ಲಕ್ಷಾಧೀಶ ಗಡಿಯಾರಗಳ ನಡುವೆ ಮೂರು ತಿಂಗಳು ಹುಡುಕಿದ ವ್ಯತ್ಯಾಸ ಯಾವುದು? ಬೇಕಾದ ಗುಣದಲ್ಲಿ ಎರಡೂ ಸಾಮಾನ್ಯಕ್ಕಿಂತ ಕಡಿಮೆ. ಬೇಡವಾದ ಗುಣದಲ್ಲಿ ಎರಡೂ ಅತಿ. ಉಳಿದದ್ದು ಮುಖದ ಮೇಲಿನ ಹೆಸರು.

ವಿವೇಕ ಎಂಬ ಶಬ್ದವನ್ನು ಇಲ್ಲಿಗೆ ಎಳೆದು ತಂದಿರುವುದು ಹೆಚ್ಚು ನೋವಿನ ಸಂಗತಿ. ಜೈನದರ್ಶನದಲ್ಲಿ ಭೇದವಿಜ್ಞಾನವೆಂದರೆ ಸ್ವ ಮತ್ತು ಪರ ಎಂಬುದರ ನಡುವಿನ ಅಂತರವನ್ನು ಅರಿಯುವುದು. ಒಂದು ಪರವಸ್ತುವಿಗೂ ಇನ್ನೊಂದು ಪರವಸ್ತುವಿಗೂ ಇರುವ ಒಂದು ಮಿಲಿಮೀಟರ್ ಅಂತರವನ್ನು ಅರಿಯುವವನು ಆ ಕಡೆಗೆ ಒಂದು ಹೆಜ್ಜೆಯನ್ನೂ ಇಟ್ಟಿಲ್ಲ. ಉಮಾಸ್ವಾಮಿಗಳು ಪರಿಗ್ರಹದ ಲಕ್ಷಣವನ್ನು ಹೇಳುವಾಗ ವಸ್ತುವಿನ ಹೆಸರನ್ನಾಗಲಿ ಬೆಲೆಯನ್ನಾಗಲಿ ಹೇಳದೆ ಮೂರ್ಛೆ ಎಂಬ ಪದವನ್ನು ಬಳಸಿದರು. ಆ ಪದದ ಔಚಿತ್ಯ ಈ ಪ್ರಸಂಗದಲ್ಲಿ ಚೆನ್ನಾಗಿ ಕಾಣುತ್ತದೆ. ವಸ್ತು ಇನ್ನೂ ಅಂಗಡಿಯಲ್ಲಿಯೇ ಇದೆ, ಹಣ ಪೆಟ್ಟಿಗೆಯಲ್ಲಿಯೇ ಇದೆ. ಮನಸ್ಸು ಮಾತ್ರ ಮೂರು ತಿಂಗಳಿಂದ ಎಚ್ಚರ ತಪ್ಪಿದೆ. ಕೊಂಡವನಿಗೆ ಒಂದು ಗಡಿಯಾರದ ಮೋಹವಾದರೆ, ಹೋಲಿಸುತ್ತ ಕುಳಿತವನಿಗೆ ಮೂರರದೂ ಮೋಹ. ಕೊಳ್ಳುವ ಮೊದಲೇ ಮೂರರ ಪರಿಗ್ರಹ ಅವನಿಗಾಗಿದೆ.

ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಪರಿಮಿತ ಪರಿಗ್ರಹ ವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಅತಿಸಂಗ್ರಹ, ಅತಿಲೋಭಗಳ ಜೊತೆಗೆ ವಿಸ್ಮಯವನ್ನೂ ಸೇರಿಸಿದ್ದಾರೆ. ಸಂಗ್ರಹ, ಲೋಭಗಳು ದೋಷವೆಂಬುದು ಯಾರಿಗಾದರೂ ಹೊಳೆಯುವ ಮಾತು. ವೈಭವವನ್ನು ಕಂಡು ಬೆರಗಾಗಿ ನಿಲ್ಲುವುದೂ ವ್ರತಕ್ಕೆ ಕುಂದೆಂದು ಗುರುತಿಸುವುದಕ್ಕೆ ಬೇರೆಯೇ ಕಣ್ಣು ಬೇಕು. ಇಂದಿನ ಹೋಲಿಕೆಯ ವ್ಯಸನ ಈ ವಿಸ್ಮಯದ ಸಂತಾನ. ಅದೇ ಗ್ರಂಥ ಒಮ್ಮೆ ಅನುಭವಿಸಿ ಬಿಡುವುದನ್ನು ಭೋಗವೆಂದೂ ಮತ್ತೆ ಮತ್ತೆ ಬಳಸುವುದನ್ನು ಉಪಭೋಗವೆಂದೂ ಬೇರ್ಪಡಿಸಿ, ಎರಡಕ್ಕೂ ಮಿತಿ ಹಾಕಿಕೊಳ್ಳಲು ಹೇಳುತ್ತದೆ. ಗೃಹಸ್ಥನಿಗೆ ಉಪಭೋಗವೇ ಬೇಡವೆಂದು ಆಚಾರ್ಯರು ವಿಧಿಸಲಿಲ್ಲ; ಎಷ್ಟು ಎಂಬುದನ್ನು ಮೊದಲು ನಿಶ್ಚಯಿಸಿಕೋ ಎಂದರು. ಎಷ್ಟು ಎಂಬುದು ನಿಶ್ಚಯವಾದ ಮೇಲೆ ಯಾವುದು ಎಂಬ ಪ್ರಶ್ನೆ ಸಣ್ಣದಾಗುತ್ತದೆ, ಮಧ್ಯಾಹ್ನದೊಳಗೆ ತೀರ್ಮಾನವಾಗುತ್ತದೆ. ಮಾರುಕಟ್ಟೆಯ ಜಾಣತನವಿರುವುದು ಈ ಕ್ರಮವನ್ನು ತಿರುಗುಮುರುಗು ಮಾಡುವುದರಲ್ಲಿ. ಯಾವುದು ಎಂಬ ಪ್ರಶ್ನೆಯನ್ನು ಎಷ್ಟು ರಸವತ್ತಾಗಿ ಬೆಳೆಸಲಾಗುತ್ತದೆಯೆಂದರೆ ಎಷ್ಟು ಎಂಬ ಪ್ರಶ್ನೆ ಬಾಗಿಲಲ್ಲಿಯೇ ನಿಂತಿರುತ್ತದೆ. ರೋಲೆಕ್ಸೋ ಒಮೇಗಾವೋ ಎಂದು ತಂದೆ ಮಗಳು ಚರ್ಚಿಸುತ್ತಿರುವಾಗ, ಇಬ್ಬರೂ ಒಂದು ಮಾತನ್ನು ಈಗಾಗಲೇ ಒಪ್ಪಿಬಿಟ್ಟಿದ್ದಾರೆ. ಒಪ್ಪಿದ್ದು ಅವರಿಗೇ ಗೊತ್ತಿಲ್ಲ.

ಪ್ರತಿವಾದಿಗಳು ಹೇಳುವುದನ್ನೂ ಕೇಳಬೇಕು. ಇದು ಹೂಡಿಕೆ ಎಂಬುದು ಅವರ ಒಂದು ಮಾತು. ಹಳೆಯ ಸ್ವಿಸ್ ಗಡಿಯಾರಗಳ ಮರುಮಾರಾಟದ ಬೆಲೆ 2022ರ ಆರಂಭದಲ್ಲಿ ನೆತ್ತಿಗೇರಿ ಆಮೇಲೆ ಇಳಿದದ್ದನ್ನು ಕಂಡವರು ಈ ಮಾತನ್ನು ಮೆಲ್ಲಗೆ ಆಡುತ್ತಾರೆ. ಅಲ್ಲದೆ ಹೂಡಿಕೆಯಾದರೆ ಅದನ್ನು ಪೆಟ್ಟಿಗೆಯಲ್ಲಿಡಬೇಕು, ಮಣಿಕಟ್ಟಿಗೇಕೆ? ಮಕ್ಕಳ ಕಾಲಕ್ಕೂ ಬಾಳುತ್ತದೆ ಎಂಬುದು ಇನ್ನೊಂದು. ಬಾಳುತ್ತದೆ, ನಿಜ, ಮೋಹವೂ ಅದರ ಜೊತೆಗೇ ಪಿತ್ರಾರ್ಜಿತವಾಗಿ ಇಳಿಯುತ್ತದೆ.

ಕುಶಲಕಲೆಯ ವಾದಕ್ಕೆ ಹೆಚ್ಚಿನ ಗೌರವ ಸಲ್ಲಬೇಕು. ಇನ್ನೂರು ಮುನ್ನೂರು ಸಣ್ಣ ಭಾಗಗಳು ಸೇರಿ ಬ್ಯಾಟರಿಯಿಲ್ಲದೆ ನಡೆಯುವುದು ಮನುಷ್ಯನ ಕೈಚಳಕದ ಸಾಧನೆ. ಅದನ್ನು ಮೆಚ್ಚುವುದು ತಪ್ಪೇ ಎಂದು ಕೇಳುತ್ತಾರೆ. ಮೆಚ್ಚುವುದು ತಪ್ಪಲ್ಲ. ಆದರೆ ಕೈಚಳಕವನ್ನು ಮೆಚ್ಚುವ ಕಣ್ಣಿಗೆ ಚಳ್ಳಕೆರೆಯಿಂದ ಮೊಳಕಾಲ್ಮೂರಿನ ದಾರಿ ದೂರವಲ್ಲ. ಅಲ್ಲಿ ಗುಂಡಿ ಮಗ್ಗದ ಮುಂದೆ ಕುಳಿತ ನೇಕಾರ ಒಡಲಿಗೊಂದು ಬಣ್ಣ, ಎರಡು ಅಂಚಿಗೊಂದು ಬಣ್ಣ ಹಿಡಿದು ನೇಯುವಾಗ ಮೂರು ಲಾಳಿ ಬೇಕು. ಒಬ್ಬನ ಕೈ ಸಾಲದೆ ಪಕ್ಕದಲ್ಲಿ ಇನ್ನೊಂದು ಕೈ ಬೇಕು. ಒಂದು ಸೀರೆಗೆ ದಿನಗಳು ಹಿಡಿಯುತ್ತವೆ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಈ ಸೀರೆಯ ಬೆಲೆಯಲ್ಲಿ, ಗಡಿಯಾರದ ಅಂಗಡಿಯಲ್ಲಿ ತುಟಿ ಪಿಟ್ಟೆನ್ನದವನು, ಸಾವಿರ ರೂಪಾಯಿ ಇಳಿಸೆಂದು ಚೌಕಾಸಿ ಮಾಡುತ್ತಾನೆ. ಕಲೆಯ ಮೇಲಿನ ಗೌರವ ಜಿನೀವಾದ ವಿಳಾಸ ಕಂಡಾಗ ಮಾತ್ರ ಉಕ್ಕುವುದಾದರೆ ಅದಕ್ಕೆ ಬೇರೆ ಹೆಸರಿದೆ.

ಇಲ್ಲಿ ಪ್ರತಿವಾದಿ ಒಂದು ಗಟ್ಟಿ ಪೆಟ್ಟು ಹಾಕಬಲ್ಲ. ರೇಷ್ಮೆ ಸೀರೆಯೊಂದಕ್ಕೆ ಸಾವಿರಾರು ಗೂಡುಗಳನ್ನು ಒಳಗಿನ ಜೀವಸಮೇತ ಬೇಯಿಸುತ್ತಾರೆ; ಉಕ್ಕಿನ ಗಡಿಯಾರದಲ್ಲಿ ಅಂಥ ಹಿಂಸೆಯಿಲ್ಲ; ಆದುದರಿಂದ ಜೈನ ಗೃಹಸ್ಥನಿಗೆ ಸೀರೆಗಿಂತ ಗಡಿಯಾರವೇ ನಿರ್ದೋಷ ಎನ್ನಬಲ್ಲ. ಈ ಪೆಟ್ಟನ್ನು ತಪ್ಪಿಸಿಕೊಳ್ಳಲಾಗದು, ತಪ್ಪಿಸಿಕೊಳ್ಳಬಾರದು. ರೇಷ್ಮೆಯನ್ನೇ ತೊರೆದ ಶ್ರಾವಕಿಯರು ಸಮಾಜದಲ್ಲಿದ್ದಾರೆ, ಅವರ ನಡೆ ವಂದನೀಯ. ಅಂಥವರಿಗೆ ಚಳ್ಳಕೆರೆಯಲ್ಲಿಯೇ ಕುರಿಯ ಉಣ್ಣೆಯ ಕಂಬಳಿ ನೇಯುವವರ ಕೈಚಳಕವೂ ಉಂಟು. ಆದರೆ ಒಂದು ಅಣುವ್ರತವನ್ನು ಪಾಲಿಸಿದೆನೆಂಬುದು ಇನ್ನೊಂದನ್ನು ಮುರಿಯಲು ಪರವಾನಗಿಯಾಗುವುದಿಲ್ಲ. ಅಹಿಂಸೆಗೂ ಅಪರಿಗ್ರಹಕ್ಕೂ ಬೇರೆ ಬೇರೆ ಸ್ಥಾನ ಕೊಟ್ಟದ್ದೇ, ಒಂದರ ನೆರಳಿನಲ್ಲಿ ಇನ್ನೊಂದು ಅಡಗಬಾರದೆಂದು.

ತನ್ನ ಹಣ, ತನ್ನ ಇಷ್ಟ ಎಂಬುದು ಕೊನೆಯ ವಾದ. ಮದುವೆಯ ಪ್ರಸಂಗದಲ್ಲಿ ಈ ವಾದ ನಿಲ್ಲುವುದೇ ಇಲ್ಲ. ಇಷ್ಟ ಒಬ್ಬನದು, ಹಣ ಇನ್ನೊಬ್ಬನದು. 1961ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಕಾರದಿಂದ ಎಚ್.ಎಂ.ಟಿ. ಗಡಿಯಾರಗಳ ತಯಾರಿಕೆ ಆರಂಭವಾಯಿತು. ಮುಂದೆ ತುಮಕೂರಿನಲ್ಲಿಯೂ ಕಾರ್ಖಾನೆ ಬಂದಿತು. ಬಯಲುಸೀಮೆಯ ಮದುವೆಗಳಲ್ಲಿ ವರನ ಕೈಗೆ ಎಚ್.ಎಂ.ಟಿ. ಕಟ್ಟುವುದು ರೂಢಿಯಾಗಿ, ಹಿಡಿ ಸುತ್ತಿ ಕೀಲಿ ಕೊಡುವ ‘ಜನತಾ’ದಂಥ ಗಡಿಯಾರಗಳು ಶಾಲಾ ಮಾಸ್ತರರಿಂದ ಹಿಡಿದು ಗಿರಣಿಯ ಮಾಲೀಕರವರೆಗೆ ಎಲ್ಲರ ಕೈಯಲ್ಲಿಯೂ ಇದ್ದವು. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದೂ ಅದೇ 1961ರಲ್ಲಿ ಎಂಬುದು ವಿಚಿತ್ರ ಕಾಕತಾಳೀಯ. ಆ ಕಾಲದ ಉಡುಗೊರೆಯೂ ಶುದ್ಧವಾಗಿತ್ತೆಂದು ಹೇಳಲಾಗದು. ವಾಚು, ಉಂಗುರ, ಸೈಕಲ್ಲು ಎಂಬ ಪಟ್ಟಿಗಾಗಿ ಸಾಲ ಮಾಡಿದ ತಂದೆಯರಿದ್ದರು. ಆದರೂ ಆ ಗಡಿಯಾರಕ್ಕೆ ತನ್ನದೇ ಒಂದು ಮಿತಿಯಿತ್ತು. ಅದರ ಮೇಲೆ ಹೋಗಲು ಸುಲಭವಾದ ದಾರಿಯಿರಲಿಲ್ಲ. 2016ರಲ್ಲಿ ಎಚ್.ಎಂ.ಟಿ. ಗಡಿಯಾರ ಕಂಪೆನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ಸ್ವಿಟ್ಜರ್ಲೆಂಡ್ ಮೊದಲಾದ ನಾಲ್ಕು ದೇಶಗಳೊಡನೆ 2024ರ ಮಾರ್ಚಿಯಲ್ಲಿ ಸಹಿಯಾದ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದು, ಸ್ವಿಸ್ ಗಡಿಯಾರಗಳ ಮೇಲಿನ ಸುಂಕ ವರ್ಷ ವರ್ಷಕ್ಕೆ ಕರಗುವ ವ್ಯವಸ್ಥೆಯಾಗಿದೆ. ಹೊರಗಿನ ಮಿತಿಗಳೆಲ್ಲ ಹೀಗೆ ಒಂದೊಂದಾಗಿ ಸಡಿಲುತ್ತಿರುವಾಗ ಒಳಗಿನ ಮಿತಿಯೊಂದೇ ಉಳಿಯಬೇಕಾದದ್ದು.

ಸರ್ಕಾರಕ್ಕೂ ಈ ವಸ್ತುವಿನ ಜಾತಿ ಗೊತ್ತಾಗಿದೆ. 2025ರ ಏಪ್ರಿಲ್ 22ರಿಂದ ಹತ್ತು ಲಕ್ಷ ರೂಪಾಯಿಗೆ ಮೇಲ್ಪಟ್ಟ ಕೈಗಡಿಯಾರ ಕೊಳ್ಳುವವನಿಂದ ಅಂಗಡಿಯವನು ಮೂಲದಲ್ಲಿಯೇ ಶೇಕಡಾ 1ರಷ್ಟು ತೆರಿಗೆ ವಸೂಲು ಮಾಡಬೇಕು. ಆ ಪಟ್ಟಿಯಲ್ಲಿ ಗಡಿಯಾರದ ನೆರೆಹೊರೆಯವರು ಯಾರೆಂದರೆ ವಿಹಾರನೌಕೆ, ಹೆಲಿಕಾಪ್ಟರ್, ಪಂದ್ಯದ ಕುದುರೆ. ಆದಾಯ ತೆರಿಗೆಯ ಗುಮಾಸ್ತನಿಗೆ ತಿಳಿದದ್ದು ಶ್ರಾವಕನಿಗೆ ತಿಳಿಯದೆ ಹೋಗಬೇಕೆ?

ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ.ಎಲ್. ರೈಸ್ ಅವರು 1892ರಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ಅಲ್ಪ ವ್ಯಯ, ಅಲ್ಪ ಸಂಗ್ರಹ ಒಳ್ಳೆಯದೆಂದು ಅಶೋಕ ಹೇಳಿರುವುದು ಗಿರ್ನಾರ್ ಮುಂತಾದೆಡೆ ಇರುವ ಮೂರನೆಯ ಬಂಡೆಶಾಸನದಲ್ಲಿ. ಬ್ರಹ್ಮಗಿರಿಯಲ್ಲಿ ಆ ಮಾತಿಲ್ಲ. ಇಲ್ಲಿಯ ಬಂಡೆ ಹೇಳುವುದು ತಂದೆತಾಯಿಯರ ಶುಶ್ರೂಷೆ, ಪ್ರಾಣಿದಯೆ, ಸತ್ಯವಚನಗಳ ವಿಚಾರವನ್ನು. ಜೊತೆಗೆ ಧರ್ಮದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಸಿಕ್ಕುತ್ತದೆ ಎಂಬುದನ್ನು. ಅಣುವ್ರತದ ಅಣು ಎಂಬ ಮಾತಿನಲ್ಲಿರುವ ಧೈರ್ಯವೂ ಇದೇ. ಮಹಾವ್ರತ ಮುನಿಗಳದು, ಗೃಹಸ್ಥನಿಂದ ಕೇಳುವುದು ಸಣ್ಣದೊಂದು ಗೆರೆಯನ್ನು.

ಆ ಗೆರೆ ಎಳೆಯಲು ಹಳಬರಿಗೆ ಒಂದು ಉಪಕರಣವೂ ಇತ್ತು. ನೀರು ತುಂಬಿದ ಪಾತ್ರೆಯಲ್ಲಿ ತಳದಲ್ಲಿ ಸಣ್ಣ ರಂಧ್ರವಿರುವ ಗಳಿಗೆ ಬಟ್ಟಲನ್ನು ತೇಲಿಬಿಡುತ್ತಿದ್ದರು; ಅದು ತುಂಬಿ ಮುಳುಗಿದರೆ ಒಂದು ಗಳಿಗೆ, ಅಂದರೆ 24 ನಿಮಿಷ. ನಿಜವಾಗಿ ಮುಳುಗುವ ಗಡಿಯಾರವೆಂದರೆ ಅದೊಂದೇ. ಮದುವೆಯ ಮುಹೂರ್ತವನ್ನು ಅದರಲ್ಲಿ ಅಳೆಯುತ್ತಿದ್ದರು; ಸಾಮಾಯಿಕಕ್ಕೆ ಕುಳಿತವರ ಎರಡು ಗಳಿಗೆಯ ಅವಧಿ, 48 ನಿಮಿಷ, ಅದೇ ಲೆಕ್ಕದ್ದು. ಎರಡು ಬಟ್ಟಲುಗಳನ್ನು ಪಕ್ಕಪಕ್ಕದಲ್ಲಿಟ್ಟು ಯಾವುದು ಮೇಲೆಂದು ಮೂರು ತಿಂಗಳು ಯೋಚಿಸಿದವರ ಕಥೆ ಎಲ್ಲಿಯೂ ಕೇಳಿಬಂದಿಲ್ಲ.

ಚಳ್ಳಕೆರೆಯ ಆ ಮನೆಯಲ್ಲಿ ಮದುವೆಗೆ ಇನ್ನೂ ಸಮಯವಿದೆ. ಹೆಣ್ಣಿನ ತಂದೆ ಮಾತೆತ್ತಲಾರ, ಎತ್ತಿದರೆ ಜಿಪುಣನೆನಿಸುತ್ತಾನೆ. ಮಾತು ಬರಬೇಕಾದದ್ದು ಗಂಡಿನ ಮನೆಯ ಹಿರಿಯರಿಂದ, ಅದೂ ಗಡಿಯಾರದ ಹೆಸರುಗಳನ್ನು ಎತ್ತಿಕೊಳ್ಳುವ ಮೊದಲು. ಇಷ್ಟು ಮೊತ್ತದ ಮೇಲೆ ಏನನ್ನೂ ಕೊಡಬೇಡಿ, ಕೊಟ್ಟರೆ ಹಿಂದಿರುಗಿಸುತ್ತೇವೆ ಎಂದು ಅಂಕಿಸಮೇತ, ನಾಲ್ವರೆದುರಿಗೆ, ನಿಶ್ಚಿತಾರ್ಥದ ದಿನವೇ ಹೇಳಬೇಕು.